ಉಡುಪಿ-ಮಂಗಳೂರು ಕಡೆ ಮೈನಿಂಗ್‌ಗೆ ಯಾವ ಇಂಟರ್ನೆಟ್ ಲೈನ್? ಪದೇ ಪದೇ ಕೇಳುವ ಪ್ರಶ್ನೆಗಳು

ಪರ್ಕಳದ ನಮ್ಮ ಮನೆಯ ಹಿಂದೆ ಒಂದು ಹಳೆಯ ಹಟ್ಟಿ ಇದೆ. ದನ ಇಲ್ಲದೆ ಖಾಲಿ ಬಿದ್ದಿದ್ದ ಆ ಹಟ್ಟಿಯಲ್ಲಿ ಈಗ ಆಂಟ್‌ಮೈನರ್ ಎಸ್19 ಅನ್ನುವ ಒಂದು ದೊಡ್ಡ ಬಿಟ್‌ಕಾಯಿನ್ ಮೈನಿಂಗ್ ಮೆಷಿನ್ ಇದೆ. ಮನೆಯೊಳಗೆ ಬಿಟ್‌ಆಕ್ಸ್ ಅನ್ನುವ ಎರಡು ಸಣ್ಣ ಮೈನಿಂಗ್ ಮೆಷಿನ್ ಇವೆ. ಇದನ್ನು ಕೇಳಿ ತಿಳಿದವರು ಮಣಿಪಾಲದಿಂದ, ಸುರತ್ಕಲ್‌ನಿಂದ, ಕಾರ್ಕಳದಿಂದ ಫೋನ್ ಮಾಡುತ್ತಾರೆ. ಹೆಚ್ಚಿನವರು ಕೇಳುವುದು ಇಂಟರ್ನೆಟ್ ಬಗ್ಗೆ. ಎಲ್ಲರಿಗೂ ಒಂದೊಂದಾಗಿ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಮೈನಿಂಗ್‌ಗೆ ಎಷ್ಟು ಸ್ಪೀಡ್ ಬೇಕು? 300 ಎಂಬಿಪಿಎಸ್ ಪ್ಲಾನ್ ಹಾಕಿಸಬೇಕಾ?

ಬೇಡ. ನಿಮ್ಮ ಏರಿಯಾದಲ್ಲಿ ಸಿಗುವ ಅತಿ ಕಡಿಮೆ ಪ್ಲಾನ್ ಸಾಕು. ಮೈನಿಂಗ್‌ನ ಭಾರವಾದ ಕೆಲಸವೆಲ್ಲ ಮೆಷಿನ್ ಒಳಗೇ ನಡೆಯುತ್ತದೆ. ಪೂಲ್‌ನಿಂದ (ಹಲವರ ಮೆಷಿನ್‌ಗಳನ್ನು ಒಟ್ಟು ಸೇರಿಸಿ ಸಂಪಾದನೆ ಹಂಚುವವರ ಸರ್ವರ್) ಒಂದು ಸಣ್ಣ ಲೆಕ್ಕ ಬರುತ್ತದೆ, ಮೆಷಿನ್ ಅದನ್ನು ಕೋಟಿಗಟ್ಟಲೆ ಸಲ ಬೇರೆ ಬೇರೆ ರೀತಿ ಮಾಡಿ ನೋಡುತ್ತದೆ, ಸರಿಹೊಂದಿದ ಉತ್ತರ ಸಿಕ್ಕಿದರೆ ವಾಪಸ್ ಕಳಿಸುತ್ತದೆ. ಈ ಉತ್ತರಕ್ಕೆ ಶೇರ್ ಅನ್ನುತ್ತಾರೆ. ಬರುವ ಲೆಕ್ಕ ಒಂದೆರಡು ಕೆಬಿ ಇರುತ್ತದೆ, ಹೋಗುವ ಶೇರ್ ಅದಕ್ಕಿಂತಲೂ ಸಣ್ಣದು. ಮನೆಯವರು ಮೊಬೈಲ್‌ನಲ್ಲಿ ಒಂದು ವಿಡಿಯೋ ನೋಡಿದರೆ ಇದರ ಎಷ್ಟೋ ಪಟ್ಟು ಜಾಸ್ತಿ ಖರ್ಚಾಗುತ್ತದೆ.

ಹತ್ತು ಮೆಷಿನ್ ಇಟ್ಟರೂ ಇದೇ ಉತ್ತರ. ಸ್ಪೀಡ್‌ಗೆ ಹಾಕುವ ದುಡ್ಡನ್ನು ಉಳಿಸಿ, ಲೈನ್ ನಿಲ್ಲದ ಹಾಗೆ ನೋಡಿಕೊಳ್ಳಲು ಖರ್ಚು ಮಾಡಿ. ಈ ಪುಟದಲ್ಲಿ ನಾನು ಮುಖ್ಯವಾಗಿ ಹೇಳಲು ಹೊರಟಿರುವುದು ಇಷ್ಟೇ.

ತಿಂಗಳಿಗೆ ಎಷ್ಟು ಡೇಟಾ ಹೋಗುತ್ತದೆ? ಎಫ್‌ಯುಪಿ (ಪ್ಲಾನ್‌ನ ತಿಂಗಳ ಡೇಟಾ ಮಿತಿ) ಮುಗಿದರೆ?

ಒಂದು ಮೆಷಿನ್‌ಗೆ ತಿಂಗಳಿಗೆ 1 ಜಿಬಿ ಆಸುಪಾಸು. ಹೆಚ್ಚಿನ ಫೈಬರ್ ಪ್ಲಾನ್‌ಗಳಲ್ಲಿ ತಿಂಗಳಿಗೆ 3300 ಜಿಬಿವರೆಗೆ ಕೊಡುತ್ತಾರೆ. ಎಫ್‌ಯುಪಿ ಮುಗಿದು ಸ್ಪೀಡ್ ಇಳಿದರೂ ಮೆಷಿನ್‌ಗೆ ಏನೂ ಆಗುವುದಿಲ್ಲ. ಆದರೆ ಮುಗಿದ ಮೇಲೆ ಲೈನನ್ನೇ ನಿಲ್ಲಿಸುವ ಪ್ಲಾನ್ ಬೇಡ, ಅದನ್ನು ಮೊದಲೇ ಕೇಳಿಕೊಳ್ಳಿ.

ಪಿಂಗ್ ಜಾಸ್ತಿ ಇದ್ದರೆ ನಷ್ಟ ಅಲ್ವಾ?

ಪಿಂಗ್ ಅಂದರೆ ಸುದ್ದಿ ಸರ್ವರ್‌ಗೆ ಹೋಗಿ ವಾಪಸ್ ಬರಲು ಹಿಡಿಯುವ ಸಮಯ. ಅದು ಜಾಸ್ತಿ ಇದ್ದರೆ ನಷ್ಟ ಇದೆ, ಆದರೆ ಜನ ಹೆದರುವಷ್ಟು ಇಲ್ಲ. ಒಂದು ಲೆಕ್ಕ ಹಾಕೋಣ.

ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೆ ಒಂದು ಬ್ಲಾಕ್ (ವ್ಯವಹಾರಗಳನ್ನು ಬರೆದಿಡುವ ಲೆಕ್ಕದ ಒಂದು ಹೊಸ ಪುಟ), ಅಂದರೆ 600 ಸೆಕೆಂಡ್. ಹೊಸ ಬ್ಲಾಕ್ ಬಂದ ಸುದ್ದಿ ನಿಮ್ಮ ಮೆಷಿನ್‌ಗೆ ಮುಟ್ಟುವವರೆಗೆ ಅದು ಹಳೆಯ ಲೆಕ್ಕವನ್ನೇ ಮಾಡುತ್ತಿರುತ್ತದೆ. ಆ ಹೊತ್ತಿನ ಕೆಲಸ ವ್ಯರ್ಥ. ಸುದ್ದಿ 200 ಮಿಲಿಸೆಕೆಂಡ್ ತಡವಾದರೆ 600 ಸೆಕೆಂಡ್‌ನಲ್ಲಿ 0.2 ಸೆಕೆಂಡ್ ಹೋಯಿತು, ಅಂದರೆ ಶೇಕಡಾ 0.03. ಈಗ ಇನ್ನೊಂದು ಕಡೆ ನೋಡಿ. ತಿಂಗಳಲ್ಲಿ 720 ಗಂಟೆ. ಅದರಲ್ಲಿ ಒಂದೇ ಒಂದು ಗಂಟೆ ಲೈನ್ ಹೋದರೆ ಶೇಕಡಾ 0.14 ಹೋಯಿತು. ಇಡೀ ತಿಂಗಳು ಸುದ್ದಿ ಹೀಗೆ 200 ಮಿಲಿಸೆಕೆಂಡ್ ತಡವಾದರೆ ಆಗುವ ನಷ್ಟಕ್ಕಿಂತ ಒಂದು ಗಂಟೆ ಲೈನ್ ಇಲ್ಲದ ನಷ್ಟ ನಾಲ್ಕು ಪಟ್ಟು ಜಾಸ್ತಿ. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಗಂಟೆ ಅಲ್ಲ, ಒಂದೊಂದು ಸಲ ಎರಡು ದಿನ ಲೈನ್ ಇರುವುದಿಲ್ಲ.

ಹಾಗಂತ ದೂರದ ಸರ್ವರ್ ಹಾಕಿಕೊಳ್ಳಿ ಅನ್ನುತ್ತಿಲ್ಲ. ಪೂಲ್‌ನವರು ಸಿಂಗಾಪುರದಲ್ಲಿ ಸರ್ವರ್ ಇಟ್ಟಿದ್ದರೆ ಅದನ್ನೇ ಆರಿಸಿ. ಬೇರೆ ನಾಣ್ಯಗಳಲ್ಲಿ ಲೆಕ್ಕ ಬದಲಾಗುತ್ತದೆ. ಲೈಟ್‌ಕಾಯಿನ್‌ನಲ್ಲಿ ಎರಡೂವರೆ ನಿಮಿಷಕ್ಕೆ ಒಂದು ಬ್ಲಾಕ್, ಡಾಜ್‌ಕಾಯಿನ್‌ನಲ್ಲಿ ಒಂದು ನಿಮಿಷಕ್ಕೆ. ಕಾಸ್ಪಾದಲ್ಲಿ 2025ರ ಮೇ ನಂತರ ಸೆಕೆಂಡಿಗೇ 10 ಬ್ಲಾಕ್. ಅಂಥದ್ದಕ್ಕೆ ಪಿಂಗ್ ನಿಜವಾಗಿ ನೋಡಬೇಕು.

ಫೈಬರ್, ಏರ್‌ಫೈಬರ್, ಮೊಬೈಲ್ ಸಿಮ್: ಯಾವುದು ಒಳ್ಳೆಯದು?

ಮುಖ್ಯ ಲೈನ್ ಫೈಬರ್ ಆಗಿರಲಿ. ಏರ್‌ಫೈಬರ್ ಟವರ್‌ನ ಮೇಲೆ ನಿಂತಿದೆ. ಗುಡ್ಡ, ತೆಂಗಿನ ತೋಟದ ಮಧ್ಯೆ ಮನೆ ಇದ್ದರೆ ಸಿಗ್ನಲ್ ಒಂದೇ ಸಮ ಇರುವುದಿಲ್ಲ. ಸಂಜೆ ಊರಿನವರೆಲ್ಲ ಮೊಬೈಲ್ ಹಿಡಿದಾಗ ಇನ್ನಷ್ಟು ಏರುಪೇರು. ಫೈಬರ್ ಬಾರದ ಒಳಊರಿನಲ್ಲಿ ಅದೇ ಗತಿ, ಅಲ್ಲಿ ನಡೆಯುತ್ತದೆ. ಸಿಮ್ ಅನ್ನು ಎರಡನೇ ಲೈನ್ ಆಗಿ ಇಡಿ.

ಫೈಬರ್‌ನಲ್ಲೂ ಎರಡು ಬಗೆ ಇದೆ, ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಒಂದರಲ್ಲಿ ಎಕ್ಸ್‌ಚೇಂಜ್ ಅಥವಾ ಆಪರೇಟರ್ ಆಫೀಸಿನ ಓಎಲ್‌ಟಿಯಿಂದ (ಮನೆಮನೆಗೆ ಫೈಬರ್ ಹೊರಡುವ ಮುಖ್ಯ ಪೆಟ್ಟಿಗೆ) ನಿಮ್ಮ ಮನೆಯ ಡಬ್ಬಿಯವರೆಗೂ ಗಾಜಿನ ಎಳೆಯೇ ಬರುತ್ತದೆ. ಮಧ್ಯದಲ್ಲಿ ಬೆಳಕನ್ನು ಹಂಚುವ ಸ್ಪ್ಲಿಟರ್ ಇದ್ದರೂ ಅದಕ್ಕೆ ಕರೆಂಟ್ ಬೇಡ. ಇನ್ನೊಂದರಲ್ಲಿ ಫೈಬರ್ ಬೀದಿಯ ತನಕ ಬಂದು, ಕಂಬದ ಮೇಲಿನ ಪೆಟ್ಟಿಗೆಯಲ್ಲಿ ಒಂದು ಸ್ವಿಚ್ ಕೂತು, ಅಲ್ಲಿಂದ ಮನೆಗೆ ಲ್ಯಾನ್ ವೈರ್ ಬರುತ್ತದೆ. ಆ ಸ್ವಿಚ್‌ಗೆ ಕರೆಂಟ್ ಬೇಕು. ಪಕ್ಕದ ಬೀದಿಯಲ್ಲಿ ಕರೆಂಟ್ ಹೋದರೆ ನಿಮ್ಮ ಮನೆಯಲ್ಲಿ ಕರೆಂಟ್ ಇದ್ದೂ ನೆಟ್ ಇಲ್ಲ. ಹಾಗಾಗಿ ಮೊದಲನೆಯದನ್ನೇ ಕೇಳಿ ಹಾಕಿಸಿ.

ಲೈನ್ ಹಾಕಿಸುವ ಮೊದಲು ಕೇಬಲ್‌ನವರನ್ನು ಏನು ಕೇಳಬೇಕು?

ಕಂಪನಿಯ ಹೆಸರಿಗಿಂತ ನಿಮ್ಮ ಬೀದಿಯ ಲೈನ್ ನೋಡುವ ಹುಡುಗ ಮುಖ್ಯ. ಒಂದೇ ಕಂಪನಿಯ ಲೈನ್ ಕದ್ರಿಯಲ್ಲಿ ಚೆನ್ನಾಗಿದ್ದು ಬಿಕರ್ನಕಟ್ಟೆಯಲ್ಲಿ ಕೈಕೊಡಬಹುದು. ಮೊದಲು ಅಕ್ಕಪಕ್ಕದ ಮನೆಯವರನ್ನು ಕೇಳಿ. ಆದರೆ "ನೆಟ್ ಚೆನ್ನಾಗಿದೆಯಾ" ಅಂತ ಕೇಳಬೇಡಿ. "ಹೋದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಎಷ್ಟು ದಿನ ಲೈನ್ ಇರಲಿಲ್ಲ, ಕಂಪ್ಲೇಂಟ್ ಕೊಟ್ಟ ಮೇಲೆ ಎಷ್ಟು ಹೊತ್ತಿಗೆ ಬಂದರು" ಅಂತ ಕೇಳಿ. ನಮ್ಮ ಕಡೆ ಲೈನಿನ ನಿಜವಾದ ಪರೀಕ್ಷೆ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜನವರಿಯಲ್ಲಿ ಎಲ್ಲ ಲೈನೂ ಚೆನ್ನಾಗಿರುತ್ತದೆ.

ಆಮೇಲೆ ಆಪರೇಟರ್ ಹತ್ತಿರ ಕೇಳಿ: ಓಎಲ್‌ಟಿ ಎಲ್ಲಿದೆ? ಅಲ್ಲಿ ಬ್ಯಾಟರಿ ಎಷ್ಟು ಗಂಟೆ ಬರುತ್ತದೆ, ಜನರೇಟರ್ ಇದೆಯಾ? ಅಲ್ಲಿಂದ ನಮ್ಮ ಮನೆಗೆ ಕೇಬಲ್ ಯಾವ ದಾರಿಯಲ್ಲಿ ಬರುತ್ತದೆ? ಭಾನುವಾರ ಯಾರು ಬರುತ್ತಾರೆ? ದಾರಿಯನ್ನು ಒಮ್ಮೆ ನೀವೇ ನಡೆದು ನೋಡಿ. ಕೇಬಲ್ ಅಡಿಕೆ ತೋಟದ ಮೇಲೆ ಹಾದುಹೋಗಿದೆಯಾ, ಹಲಸಿನ ಗೆಲ್ಲಿಗೆ ಉಜ್ಜುತ್ತಿದೆಯಾ, ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿದೆಯಾ? ಜೆಸಿಬಿ ಇರುವಲ್ಲಿ ನೆಲದಡಿಯ ಕೇಬಲ್ ಕೂಡ ಉಳಿಯುವುದಿಲ್ಲ.

ಮಳೆ ಬಂದರೆ ಮೋಡೆಮ್‌ನಲ್ಲಿ ಕೆಂಪು ಲೈಟ್ ಬರುತ್ತದೆ. ಯಾಕೆ?

ಅದು ಲಾಸ್ ಲೈಟ್. ಮೋಡೆಮ್‌ಗೆ ಬೆಳಕು ಮುಟ್ಟುತ್ತಿಲ್ಲ ಅಂತ ಅರ್ಥ. ಗಾಜಿನ ಎಳೆಗೆ ಮಳೆಯಿಂದ ತೊಂದರೆ ಇಲ್ಲ. ತೊಂದರೆ ಆಗುವುದು ಜಾಯಿಂಟ್ ಡಬ್ಬಿಯೊಳಗೆ ನೀರು ಹೋದಾಗ, ಗಾಳಿಗೆ ಕೇಬಲ್ ಜಗ್ಗಿದಾಗ, ಅಳಿಲು ಕಚ್ಚಿದಾಗ.

ಒಮ್ಮೆ ನಮ್ಮ ಲೈನ್ ಪೂರ್ತಿ ಹೋಗದೆ, ದಿನಕ್ಕೆ ಹತ್ತು ಸಲ ಹೋಗಿ ಬರುತ್ತಿತ್ತು. ಲೈನ್‌ಮ್ಯಾನ್ ಬಂದು ಹಳದಿ ತುದಿಯನ್ನು ಮೋಡೆಮ್‌ನಿಂದ ಕಿತ್ತು, ಬೆಳಕಿನ ಬಲ ಅಳೆಯುವ ಪವರ್ ಮೀಟರ್‌ಗೆ ಸಿಕ್ಕಿಸಿದರು. ಮೈನಸ್ 28 ಡಿಬಿಎಂ ತೋರಿಸಿತು (ಡಿಬಿಎಂ ಬೆಳಕಿನ ಬಲದ ಅಳತೆ, ಮೈನಸ್ ಜಾಸ್ತಿ ಆದಷ್ಟು ಬೆಳಕು ಕಡಿಮೆ). ಸಾಮಾನ್ಯ ಫೈಬರ್ (ಜಿಪಾನ್) ಮೋಡೆಮ್ ಮೈನಸ್ 27 ಡಿಬಿಎಂ ತನಕ ಮಾತ್ರ ಹಿಡಿಯುತ್ತದೆ, ಅದಕ್ಕಿಂತ ಕೆಳಗೆ ಹೋದರೆ ಕತ್ತಲು. ಅವರು ಕೇಬಲ್ ಹಿಡಿದುಕೊಂಡೇ ಹಿಂದಕ್ಕೆ ಹೋದರು. ಕಿಟಕಿಯ ಮೂಲೆಯಲ್ಲಿ ಕೇಬಲ್ ಚೂಪಾಗಿ ಮಡಚಿ, ಅದರ ಮೇಲೆ ನಾವೇ ಒಂದು ಕ್ಲಿಪ್ ಹೊಡೆದಿದ್ದೆವು. ಕ್ಲಿಪ್ ಕಿತ್ತು, ಅಂಗೈ ಅಗಲದ ಸುತ್ತು ಬಿಟ್ಟು ಕಟ್ಟಿದರು. ಮೀಟರ್ ಮೈನಸ್ 21ಕ್ಕೆ ಬಂತು. ಐದು ನಿಮಿಷದ ಕೆಲಸ.

ಅಂದಿನಿಂದ ಲೈನ್ ಹಾಕಿಸುವ ಯಾರಿಗೇ ಆದರೂ ನಾನು ಹೇಳುವುದು: ಹಾಕಿದ ದಿನವೇ "ಪವರ್ ಎಷ್ಟು ಬರ್ತಿದೆ" ಅಂತ ಕೇಳಿ ಗೋಡೆಯಲ್ಲಿ ಬರೆದಿಡಿ. ಮೈನಸ್ 24ರ ಆಚೆ ಇದ್ದರೆ ಅಂದೇ ಸರಿಮಾಡಿಸಿ. ಬೇಸಿಗೆಯಲ್ಲಿ ಅಂಚಿನಲ್ಲಿ ನಡೆಯುವ ಲೈನ್ ಮಳೆಗಾಲದಲ್ಲಿ ಖಂಡಿತ ಬೀಳುತ್ತದೆ.

ಸಿಡಿಲಿಗೆ ಏನು ಮಾಡುವುದು? ಫೈಬರ್ ಇದ್ದರೆ ಭಯ ಇಲ್ಲ ಅನ್ನುತ್ತಾರಲ್ಲ?

ಅರ್ಧ ನಿಜ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಮೋಡೆಮ್‌ನ ಅಡಾಪ್ಟರ್ ಪ್ಲಗ್ಗಿನಲ್ಲಿ ಇದೆ, ಮೋಡೆಮ್‌ನಿಂದ ಮೆಷಿನ್‌ಗೆ ಹೋಗುವ ಲ್ಯಾನ್ ವೈರ್ ತಾಮ್ರದ್ದು. ಕೆಲವು ಹೊರಾಂಗಣ ಕೇಬಲ್‌ಗಳಲ್ಲಿ ಬಲಕ್ಕೆ ಅಂತ ಉಕ್ಕಿನ ತಂತಿಯೂ ಇರುತ್ತದೆ.

ಇದು ನನಗೆ ನಷ್ಟ ಆಗಿ ಗೊತ್ತಾದ ವಿಷಯ. ಏಪ್ರಿಲ್ ಕೊನೆಯ ಒಂದು ಸಂಜೆ, ಇನ್ನೂ ಮಳೆ ಶುರುವಾಗಿರಲಿಲ್ಲ, ಬರೀ ಗುಡುಗು. ಮನೆಯಿಂದ ಹಟ್ಟಿಗೆ ಇಪ್ಪತ್ತು ಮೀಟರ್ ಲ್ಯಾನ್ ವೈರನ್ನು ಗಾಳಿಯಲ್ಲೇ ಎಳೆದಿದ್ದೆ. ಹತ್ತಿರದಲ್ಲೆಲ್ಲೋ ಸಿಡಿಲು ಬಡಿಯಿತು. ಮೋಡೆಮ್ ಸತ್ತಿತು. ಹಟ್ಟಿಗೆ ಹೋಗಿ ನೋಡಿದರೆ ಎಸ್19ರ ಫ್ಯಾನ್ ತಿರುಗುತ್ತಿದೆ, ಆದರೆ ಲ್ಯಾನ್ ಪೋರ್ಟ್‌ನ ಲೈಟ್ ಇಲ್ಲ. ಪೋರ್ಟ್ ಹತ್ತಿರ ಮೂಗು ತಂದರೆ ಸುಟ್ಟ ವಾಸನೆ. ಕಂಟ್ರೋಲ್ ಬೋರ್ಡನ್ನೇ ಬದಲಿಸಬೇಕಾಯಿತು. ಹೊಸದು ಬರುವ ತನಕ ಮೆಷಿನ್ ಸುಮ್ನೆ ಕೂತಿತ್ತು.

ಈಗ ಮನೆಯಿಂದ ಹಟ್ಟಿಗೆ ತಾಮ್ರ ಇಲ್ಲ. ಎರಡು ತುದಿಯಲ್ಲಿ ಒಂದೊಂದು ಮೀಡಿಯಾ ಕನ್ವರ್ಟರ್ (ಲ್ಯಾನ್ ವೈರನ್ನು ಫೈಬರ್‌ಗೆ ಜೋಡಿಸುವ ಡಬ್ಬಿ) ಇಟ್ಟು ಮಧ್ಯೆ ಫೈಬರ್ ಎಳೆದಿದ್ದೇನೆ. ಇದಕ್ಕೆ ಆದ ಖರ್ಚು ಕಂಟ್ರೋಲ್ ಬೋರ್ಡ್‌ಗಿಂತ ತುಂಬಾ ಕಡಿಮೆ. ಮನೆಯ ಅರ್ಥಿಂಗ್ ಕೂಡ ಪತ್ತನಾಜೆಯ (ಮೇ ಕೊನೆಯ ವಾರ) ಮೊದಲೇ ನೋಡಿಸುತ್ತೇನೆ. ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ, ಸಿಡಿಲು ಜಾಸ್ತಿ ಬರುವುದೂ ಅದೇ ಸಮಯಕ್ಕೆ. ಗುಂಡಿಗೆ ನೀರು ಹಾಕುತ್ತಿರಿ. ಸರ್ಜ್ ಪ್ರೊಟೆಕ್ಟರ್ ಹಾಕಿಸಿ. ಗುಡುಗು ಹತ್ತಿರ ಬಂದರೆ ಮೆಷಿನ್ ಆಫ್ ಮಾಡಿ ಪ್ಲಗ್ ಕಿತ್ತುಬಿಡಿ. ಒಂದು ಗಂಟೆಯ ಸಂಪಾದನೆ ಹೋದರೆ ಹೋಗಲಿ.

ವೈಫೈ ಸಾಕಾಗುವುದಿಲ್ವಾ?

ಎಸ್19 ಥರದ ದೊಡ್ಡ ಮೆಷಿನ್‌ಗಳಿಗೆ ಲ್ಯಾನ್ ಪೋರ್ಟ್ ಮಾತ್ರ ಇರುವುದು. ಕೆಲವರು ಎಕ್ಸ್‌ಟೆಂಡರ್ ಇಟ್ಟು ಅದರಿಂದ ವೈರ್ ಕೊಡುತ್ತಾರೆ. ಮುರಕಲ್ಲಿನ ದಪ್ಪ ಗೋಡೆ ದಾಟಿ ಬಂದ ವೈಫೈ ಅಷ್ಟಕ್ಕಷ್ಟೇ. ವೈರ್ ಎಳೆಯಿರಿ.

ಬಿಟ್‌ಆಕ್ಸ್ ಹಾಗಲ್ಲ, ಅದಕ್ಕೆ ವೈಫೈ ಮಾತ್ರ ಇದೆ, ಅದೂ 2.4 ಗಿಗಾಹರ್ಟ್ಸ್ ಮಾತ್ರ. ಮಣಿಪಾಲದ ಹಾಸ್ಟೆಲ್, ಪಿಜಿ ಹುಡುಗರು "ಕನೆಕ್ಟೇ ಆಗ್ತಿಲ್ಲ" ಅಂತ ಹೇಳುವುದು ಹೆಚ್ಚಾಗಿ ಇದೇ ಕಾರಣಕ್ಕೆ. ರೂಟರ್‌ನಲ್ಲಿ 2.4 ಮತ್ತು 5 ಎರಡಕ್ಕೂ ಒಂದೇ ಹೆಸರು ಇದ್ದರೆ ಬೇರೆ ಬೇರೆ ಮಾಡಿ. ಲಾಗಿನ್ ಪುಟ ತೆರೆದು ಒಟಿಪಿ ಕೇಳುವ ಹಾಸ್ಟೆಲ್ ವೈಫೈಗೆ ಅದು ಸೇರುವುದಿಲ್ಲ.

ಎರಡು ಕಂಪನಿಯ ಲೈನ್ ಹಾಕಿಸಿದರೆ ಸುರಕ್ಷಿತವಾ?

ಎರಡೂ ಕೇಬಲ್ ಒಂದೇ ಕೆಇಬಿ ಕಂಬದಲ್ಲಿ ಬರುತ್ತಿದ್ದರೆ ಅದು ಎರಡು ಲೈನ್ ಅಲ್ಲ. ಒಂದು ಮರ ಬಿದ್ದರೆ ಎರಡೂ ಹೋಯಿತು. ಒಂದು ಫೈಬರ್, ಇನ್ನೊಂದು 4ಜಿ ಸಿಮ್, ಇದು ಒಳ್ಳೆಯ ಜೋಡಿ. ಮೆಷಿನ್‌ಗೆ ತಿಂಗಳಿಗೆ 1 ಜಿಬಿ ಸಾಕು ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಕಡಿಮೆ ರೀಚಾರ್ಜ್ ಸಾಕು.

ಎರಡು ಲೈನ್ ಹಿಡಿಯುವ ರೂಟರ್ ಸಿಗುತ್ತದೆ. ಫೈಬರ್ ಹೋದರೆ ಅದು ತಾನಾಗಿ ಸಿಮ್‌ಗೆ ಬದಲಾಗುತ್ತದೆ, ಬಂದರೆ ವಾಪಸ್. ಒಂದು ಎಚ್ಚರ: ಲೈನ್ ಸಿಮ್‌ಗೆ ಬದಲಾದಾಗ ಮನೆಯವರ ಮೊಬೈಲ್‌ಗಳೂ ಅದನ್ನೇ ಹಿಡಿದು ಡೇಟಾ ಮುಗಿಸುತ್ತವೆ. ಸಿಮ್ ದಾರಿಯನ್ನು ಮೆಷಿನ್‌ಗೆ ಮಾತ್ರ ಬಿಡುವ ಸೆಟ್ಟಿಂಗ್ ಮಾಡಿ.

ಮೆಷಿನ್ ಒಳಗೆ ಮೂರು ಪೂಲ್ ವಿಳಾಸ ಹಾಕಲು ಜಾಗ ಇರುತ್ತದೆ. ಮೂರನ್ನೂ ತುಂಬಿಸಿ. ಲೈನ್ ಸರಿಯಿದ್ದು ಪೂಲ್ ಮಾತ್ರ ಮಲಗಿದಾಗ ಅದು ಉಪಯೋಗಕ್ಕೆ ಬರುತ್ತದೆ.

ಕರೆಂಟ್ ಹೋದರೆ ಮೆಷಿನ್ನೇ ನಿಲ್ಲುತ್ತದೆ. ಮತ್ತೆ ಮೋಡೆಮ್‌ಗೆ ಯುಪಿಎಸ್ ಯಾಕೆ?

ನಮ್ಮಲ್ಲಿ ಕರೆಂಟ್ ಕಣ್ಣು ಮಿಟುಕಿಸಿದ ಹಾಗೆ ಹೋಗಿ ಬರುವುದೇ ಜಾಸ್ತಿ. ಬಂದ ಮೇಲೆ ಮೋಡೆಮ್ ಏಳಲು ಎರಡು ಮೂರು ನಿಮಿಷ ಬೇಕು, ದೊಡ್ಡ ಮೆಷಿನ್ ಪೂರ್ತಿ ವೇಗಕ್ಕೆ ಬರಲು ಐದರಿಂದ ಹತ್ತು ನಿಮಿಷ. ಮೆಷಿನ್ ಎದ್ದಾಗ ಲೈನ್ ಸಿದ್ಧ ಇದ್ದರೆ ಅದು ಲೈನಿಗಾಗಿ ಕಾಯುವುದು ತಪ್ಪುತ್ತದೆ. 12 ವೋಲ್ಟ್‌ನ ಸಣ್ಣ ಯುಪಿಎಸ್ ಸಾಕು. ಮೀಡಿಯಾ ಕನ್ವರ್ಟರ್, ಸ್ವಿಚ್ ಇದ್ದರೆ ಅವನ್ನೂ ಬ್ಯಾಟರಿಗೆ ಸೇರಿಸಿ.

ಸ್ಟಾಟಿಕ್ ಐಪಿ ಬೇಕಾ?

ಬೇಡ. ಸ್ಟಾಟಿಕ್ ಐಪಿ ಅಂದರೆ ಬದಲಾಗದ ಇಂಟರ್ನೆಟ್ ವಿಳಾಸ. ಮೆಷಿನ್ ತಾನೇ ಹೊರಗೆ ಹೋಗಿ ಪೂಲ್ ಜೊತೆ ಮಾತಾಡುತ್ತದೆ. ಫುಲ್ ನೋಡ್ (ಬಿಟ್‌ಕಾಯಿನ್‌ನ ಪೂರ್ತಿ ಲೆಕ್ಕ ಇಟ್ಟುಕೊಳ್ಳುವ ಕಂಪ್ಯೂಟರ್) ಇಟ್ಟು ಬೇರೆಯವರಿಗೂ ಬ್ಲಾಕ್ ಕೊಡಬೇಕು ಅಂತಿದ್ದರೆ 8333 ಪೋರ್ಟ್ ತೆರೆಯಬೇಕಾಗುತ್ತದೆ, ಆಗ ಹೊರಗಿನವರು ನೇರ ತಲುಪಬಲ್ಲ ಪಬ್ಲಿಕ್ ಐಪಿ ಬೇಕು. ಫುಲ್ ನೋಡ್‌ಗೆ ಮೊದಲ ಸಲ 600 ಜಿಬಿಗಿಂತ ಜಾಸ್ತಿ ಇಳಿಸಬೇಕು. ಸ್ಪೀಡ್ ಬೇಕಾಗುವ ಕೆಲಸ ಅಂದರೆ ಅದೊಂದೇ.

ಹೊರಗಿನಿಂದ ಮೆಷಿನ್ ನೋಡಲು ಪೋರ್ಟ್ ಫಾರ್ವರ್ಡ್ ಮಾಡಬಹುದಾ?

ದಯವಿಟ್ಟು ಮಾಡಬೇಡಿ. ಅದು ಇಂಟರ್ನೆಟ್‌ನಲ್ಲಿರುವ ಯಾರಿಗೆ ಬೇಕಾದರೂ ಮೆಷಿನ್‌ಗೆ ಬಾಗಿಲು ತೆರೆದಿಟ್ಟ ಹಾಗೆ. ಆಂಟ್‌ಮೈನರ್ ಬರುವಾಗ ಯೂಸರ್‌ನೇಮ್, ಪಾಸ್‌ವರ್ಡ್ ಎರಡೂ "ರೂಟ್" ಅಂತಲೇ ಇರುತ್ತದೆ. ಅದು ಎಲ್ಲರಿಗೂ ಗೊತ್ತು. ಯಾರಾದರೂ ಒಳಗೆ ಬಂದು ಪೂಲ್‌ನ ಖಾತೆಯ ಹೆಸರು ಬದಲಿಸಿದರೆ ಕರೆಂಟ್ ಬಿಲ್ ನಿಮ್ಮದು, ಸಂಪಾದನೆ ಅವರದು. ಮೊದಲ ದಿನವೇ ಪಾಸ್‌ವರ್ಡ್ ಬದಲಿಸಿ. ಹೊರಗಿನಿಂದ ನೋಡಲು ಪೂಲ್‌ನ ಆ್ಯಪ್ ಸಾಕು. ಒಳಗೇ ಹೋಗಬೇಕಾದರೆ ವೈರ್‌ಗಾರ್ಡ್ ಥರದ ವಿಪಿಎನ್ ಬಳಸಿ. ಪೂಲ್‌ನಲ್ಲಿ ಎಸ್‌ಎಸ್‌ಎಲ್ (ಗುಟ್ಟಾಗಿ ಮುಚ್ಚಿ ಕಳಿಸುವ) ವಿಳಾಸ ಇದ್ದರೆ ಅದನ್ನೇ ಹಾಕಿ. ಮೆಷಿನ್ ಮತ್ತು ಪೂಲ್ ಮಾತಾಡುವ ಹಳೆಯ ರೀತಿಯಾದ ಸ್ಟ್ರಾಟಮ್‌ನಲ್ಲಿ ಎಲ್ಲವೂ ಬಿಚ್ಚಿಟ್ಟ ಕಾಗದದ ಹಾಗೆ ಹೋಗುತ್ತದೆ.

ಇದು ಕಾನೂನಿಗೆ ವಿರುದ್ಧವಾ? ತೆರಿಗೆ ಹೇಗೆ?

ಮೈನಿಂಗ್ ಮಾಡಬಾರದು ಅನ್ನುವ ಕಾನೂನು ಭಾರತದಲ್ಲಿ ಇಲ್ಲ. ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕ್ ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ರದ್ದು ಮಾಡಿತು. ಹಾಗಂತ ಇದು ಸರ್ಕಾರ ಒಪ್ಪಿದ ನಾಣ್ಯವೂ ಅಲ್ಲ. 2022ರ ಏಪ್ರಿಲ್‌ನಿಂದ ಮಾರಿದ ಲಾಭಕ್ಕೆ ಶೇಕಡಾ 30 ತೆರಿಗೆ ಇದೆ, 2022ರ ಜುಲೈನಿಂದ ಶೇಕಡಾ 1 ಟಿಡಿಎಸ್ ಇದೆ. ಮೆಷಿನ್, ಕರೆಂಟ್, ಇಂಟರ್ನೆಟ್ ಖರ್ಚನ್ನು ಈ ಲಾಭದಿಂದ ಕಳೆಯಲು ಬಿಡುವುದಿಲ್ಲ. ಆಡಿಟರ್ ಹತ್ತಿರ ಮೊದಲೇ ಮಾತಾಡಿ.

ನಿಜ ಹೇಳಿ, ಇದರಲ್ಲಿ ದುಡ್ಡು ಆಗುತ್ತದಾ?

ಇಂಟರ್ನೆಟ್ ಹಾಕಿಸುವ ಮೊದಲು ಕರೆಂಟ್ ಲೆಕ್ಕ ಹಾಕಿ. ಎಸ್19 ಸುಮಾರು 3250 ವ್ಯಾಟ್ ತಿನ್ನುತ್ತದೆ. ದಿನಕ್ಕೆ 78 ಯೂನಿಟ್, ತಿಂಗಳಿಗೆ 2340 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಎರಡೂವರೆ ದಿನಕ್ಕೆ ದಾಟುತ್ತದೆ. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೆ ತಿಂಗಳಿಗೆ 16,380 ರೂಪಾಯಿ. 2024ರ ಏಪ್ರಿಲ್‌ನಲ್ಲಿ ಬ್ಲಾಕ್ ಬಹುಮಾನ (ಒಂದು ಬ್ಲಾಕ್ ಕಂಡುಹಿಡಿದವರಿಗೆ ಸಿಗುವ ಹೊಸ ನಾಣ್ಯ) 6.25ರಿಂದ 3.125 ಬಿಟ್‌ಕಾಯಿನ್‌ಗೆ ಇಳಿದ ಮೇಲೆ, ಒಂದು ಹಳೆಯ ಎಸ್19 ಮನೆಯ ಕರೆಂಟ್‌ನಲ್ಲಿ ಈ ಬಿಲ್ ಎತ್ತುವುದು ಕಷ್ಟ. ಲೆಕ್ಕ ಕೂಡದ ತಿಂಗಳು ನಾನು ಅದನ್ನು ಆಫ್ ಮಾಡಿ ಇಡುತ್ತೇನೆ. ಸಾಲ ಮಾಡಿ ಮೆಷಿನ್ ತರಲು ಹೊರಟವರಿಗೆ ಬೇಡ ಅಂತಲೇ ಹೇಳುತ್ತೇನೆ. ಇದ್ದ ಒಂದು ಲೈನ್, ಇದ್ದ ಒಂದು ಕೋಣೆ, ಕಲಿಯುವ ಆಸೆ ಇದ್ದರೆ ಬಿಟ್‌ಆಕ್ಸ್‌ನಿಂದ ಶುರು ಮಾಡಿ. ಅದಕ್ಕೆ ತಿಂಗಳಿಗೆ 12 ಯೂನಿಟ್ ಆಸುಪಾಸು ಸಾಕು.

ಹಾಕಿಸಿದ ಲೈನ್ ಸರಿಯಿದೆಯಾ ಅಂತ ಹೇಗೆ ಗೊತ್ತಾಗುತ್ತದೆ?

ಸ್ಪೀಡ್ ಟೆಸ್ಟ್ ಮಾಡಿ ಸುಮ್ಮನಾಗಬೇಡಿ. ಮೋಡೆಮ್‌ಗೆ ವೈರ್‌ನಲ್ಲಿ ಒಂದು ಲ್ಯಾಪ್‌ಟಾಪ್ ಸಿಕ್ಕಿಸಿ, 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಹಾಕಿ ಒಂದು ದಿನ ಪೂರ್ತಿ ಬಿಡಿ. ಕೊನೆಯಲ್ಲಿ ಎಷ್ಟು ಪ್ಯಾಕೆಟ್ ಹೋಯಿತು, ಎಷ್ಟು ತಪ್ಪಿತು ಅಂತ ತೋರಿಸುತ್ತದೆ. ಸಾವಿರಕ್ಕೆ ಒಂದೆರಡು ತಪ್ಪಿದರೆ ತಲೆಕೆಡಿಸಿಕೊಳ್ಳಬೇಡಿ. ನೂರಕ್ಕೆ ಒಂದೆರಡು ತಪ್ಪಿದರೆ ಆಪರೇಟರ್‌ಗೆ ಅದನ್ನೇ ತೋರಿಸಿ. ತಪ್ಪಿದ್ದೆಲ್ಲ ಸಂಜೆ ಏಳರಿಂದ ಹತ್ತರ ಒಳಗೆ ಇದ್ದರೆ ಅವರ ಕಡೆ ಜನ ಜಾಸ್ತಿ ಆಗಿದ್ದಾರೆ ಅಂತ ಅರ್ಥ. ಗಾಳಿ ಬೀಸಿದಾಗ ಮಾತ್ರ ಇದ್ದರೆ ಎಲ್ಲೋ ಕೇಬಲ್ ಉಜ್ಜುತ್ತಿದೆ. ಮೆಷಿನ್ ಶುರುವಾದ ಮೇಲೆ ಪೂಲ್‌ನ ಪುಟದಲ್ಲಿ ರಿಜೆಕ್ಟ್ ಆದ ಶೇರ್ ಶೇಕಡಾ 1ರ ಒಳಗೆ ಇದೆಯಾ ನೋಡಿ, ಮೆಷಿನ್ ಆಫ್‌ಲೈನ್ ಆದರೆ ಮೊಬೈಲ್‌ಗೆ ಅಲರ್ಟ್ ಬರುವ ಹಾಗೆ ಮಾಡಿಕೊಳ್ಳಿ. ಆ ಅಲರ್ಟ್ ಬಂದಾಗಲೆಲ್ಲ ದಿನ, ಗಂಟೆ, ಮಳೆ ಇತ್ತಾ ಇಲ್ಲವಾ ಅಂತ ಒಂದು ಪುಸ್ತಕದಲ್ಲಿ ಬರೆಯಿರಿ. ಲೈನ್‌ಮ್ಯಾನ್ ಬಂದಾಗ ಆ ಪುಸ್ತಕ ಕೈಗೆ ಕೊಟ್ಟರೆ ಅವರಿಗೆ ಎಲ್ಲಿಂದ ಹುಡುಕಬೇಕು ಅಂತ ತಿಳಿಯುತ್ತದೆ.